ತರುಣರೂ ಮಿಷನ್ ಸಭೆಗಳೂ



ಬಾಗಲಕೋಟೆಯ ನವನಗರಕ್ಕೂ ಬಾದಾಮಿಗೂ ನಡುವೆ, ಬೆಟ್ಟದ ಮಗ್ಗುಲಲ್ಲಿ ಗುಳೇದಗುಡ್ಡವೆಂಬ ನೇಕಾರರ ಊರುಂಟು. ಅಲ್ಲಿಯ ಖಣದ ಬಟ್ಟೆಯನ್ನು ಅರಿಯದ ಮನೆ ಉತ್ತರ ಕರ್ನಾಟಕದಲ್ಲಿ ವಿರಳ. ಈ ಊರಿನಲ್ಲಿ 1851ರಲ್ಲಿ ಬಾಸೆಲ್ ಮಿಷನ್ನಿನವರು ನೆಲೆಯೂರಿದರು. ಹದಿಮೂರರಿಂದ ಹತ್ತೊಂಬತ್ತು ವರುಷದೊಳಗಿನ ಹುಡುಗ ಹುಡುಗಿಯರನ್ನು ಒಂದು ಸಭೆಯು ಹೇಗೆ ಒಲಿಸಿಕೊಳ್ಳಬೇಕು, ಒಲಿದವರನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಇಂದಿನ ಕ್ರೈಸ್ತ ಹಿರಿಯರು ಕೇಳುತ್ತಿದ್ದಾರೆ. ಕಾಲೇಜಿನಲ್ಲಿ ಪಾಠ ಹೇಳುವ ನಮಗೂ ಆ ಪ್ರಶ್ನೆ ಹೊಸತಲ್ಲ. ಅದಕ್ಕೆ ಮಿಷನ್ನಿನ ಚರಿತ್ರೆಯು ಕೊಡುವ ಉತ್ತರವನ್ನು ಇಲ್ಲಿ ವಿಚಾರಿಸೋಣ.

ಬಾಸೆಲ್ ಮಿಷನ್ನು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿತು. ಅದರ ಮೊದಲ ಮೂವರು ಪ್ರಚಾರಕರು ಮಂಗಳೂರಿಗೆ ಬಂದುದು 1834ರಲ್ಲಿ. ಅಲ್ಲಿಂದ ಘಟ್ಟವನ್ನೇರಿ 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ, 1841ರಲ್ಲಿ ಬೆಟಗೇರಿಗೂ ಅವರ ಕಾರ್ಯವು ವಿಸ್ತರಿಸಿತು. ಹೋದೆಡೆಯಲ್ಲೆಲ್ಲಾ ಅವರು ಶಾಲೆಯನ್ನು ತೆರೆದರು.

ಈ ಪೈಕಿ ಹರ್ಮನ್ ಮೋಗ್ಲಿಂಗ್ ಪಂಡಿತರ ನಡೆ ವಿಶೇಷವಾದುದು. 1836ರಲ್ಲಿ ಮಂಗಳೂರಿಗೆ ಬಂದ ಅವರು ತಮ್ಮ ಹುಡುಗರೊಡನೆ ಒಂದೇ ಮನೆಯಲ್ಲಿ ವಾಸಿಸಿ, ಅವರು ಉಂಡುದನ್ನೇ ಉಂಡರು. ಆಳುವ ಜನಾಂಗದ ಬಿಳಿಯರು ಬಂಗಲೆಗಳಲ್ಲಿ ಬೇರೆಯಾಗಿಯೇ ಇರುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಉಪದೇಶಕ್ಕಿಂತ ಮುಂಚೆ ಸಹವಾಸ ಬಂದಿತು. 1844ರಲ್ಲಿ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ತರುಣನು ದೀಕ್ಷಾಸ್ನಾನ ಪಡೆದನು. 1825ರಲ್ಲಿ ಹುಟ್ಟಿದ ಅವನಿಗೆ ಆಗ ಇಪ್ಪತ್ತು ತುಂಬಿರಲಿಲ್ಲ. 1846ರಲ್ಲಿ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಹಿಂದಿರುಗಿ, ಮುಂದೆ ಕೊಡಗಿನ ಆನಂದಪುರದಲ್ಲಿ ಸೇವೆ ಸಲ್ಲಿಸಿದನು.

ಇದರ ಇನ್ನೊಂದು ಮುಖವನ್ನು ನಾವು ಮರೆಮಾಡಬಾರದು. ಆ ದೀಕ್ಷೆಯಿಂದ ಮಂಗಳೂರಿನಲ್ಲಿ ಕೋಲಾಹಲವೆದ್ದಿತು. ಹುಟ್ಟಿದ ಬಳಗದಿಂದ ತರುಣನು ಬೇರೆಯಾದನು. ಒಂದು ಮೇಜಿನ ಬಳಿ ಸ್ಥಳ ದೊರೆತವನಿಗೆ ಇನ್ನೊಂದು ಪಂಕ್ತಿಯಲ್ಲಿ ಎಲೆ ತಪ್ಪಿತು. ಎಳೆಯರ ಮನಸ್ಸನ್ನು ಗೆಲ್ಲಹೊರಟವರು ಯಾರೇ ಆಗಲಿ, ಅವರ ತಾಯಿತಂದೆಯರ ನೋವಿಗೂ ಉತ್ತರ ಹೇಳಬೇಕಾಗುತ್ತದೆ. ಎಳೆಯರಿಗೆ ಒಪ್ಪುವ ಸ್ವಾತಂತ್ರ್ಯವಿರುವಂತೆ ಒಲ್ಲೆನೆನ್ನುವ ಸ್ವಾತಂತ್ರ್ಯವೂ ಇರಬೇಕು.

ಕುಲದಿಂದ ಹೊರಗಾದವನು ಕಸುಬಿನಿಂದಲೂ ಹೊರಗಾಗುತ್ತಿದ್ದನು. ಮಿಷನ್ನಿನವರು ಇದನ್ನು ಬೇಗನೆ ಕಂಡುಕೊಂಡರು. 1851ರಲ್ಲಿ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯೂ, 1865ರಲ್ಲಿ ಹೆಂಚಿನ ಕಾರ್ಖಾನೆಯೂ ಏರ್ಪಟ್ಟವು. ಕೈಗೆ ಕೆಲಸವಾದರೆ ಸಾಲದು, ನಾಲಗೆಗೆ ತನ್ನದೇ ಆದ ಹಾಡೂ ಬೇಕು. ನಿಘಂಟುಕಾರ ಕಿಟ್ಟೆಲ್ ಪಂಡಿತರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿ 1862ರಲ್ಲಿ 'ಕಥಾಮಾಲೆ'ಯನ್ನು ರಚಿಸಿದುದರ ಮರ್ಮವೂ ಇದೇ.

ಪಶ್ಚಿಮ ದೇಶಗಳ ಅನುಭವವು ಇದಕ್ಕೆ ಒಂದು ಹೆಜ್ಜೆಯನ್ನು ಸೇರಿಸುತ್ತದೆ. ಕೌಂಡಿನ್ಯನು ದೀಕ್ಷೆ ಪಡೆದ 1844ರಲ್ಲಿಯೇ ಲಂಡನ್ನಿನಲ್ಲಿ ಜಾರ್ಜ್ ವಿಲಿಯಮ್ಸ್ ಎಂಬವನು ತರುಣ ಕ್ರೈಸ್ತರ ಸಂಘವನ್ನು, ಎಂದರೆ ಇಂದಿನ ವೈ.ಎಂ.ಸಿ.ಎ.ಯನ್ನು, ಸ್ಥಾಪಿಸಿದನು. ಅವನು ಇಪ್ಪತ್ತೆರಡು ವರುಷದ, ಜವಳಿಯಂಗಡಿಯ ನೌಕರ! 1881ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಪಾದ್ರಿ ಫ್ರಾನ್ಸಿಸ್ ಕ್ಲಾರ್ಕ್ ಕ್ರೈಸ್ತ ಪ್ರಯತ್ನ ಸಂಘವನ್ನು ಕಟ್ಟಿದಾಗ, ಸದಸ್ಯರಾದ ತರುಣರು ಪ್ರತಿಯೊಂದು ಕೂಟದಲ್ಲಿಯೂ ಏನಾದರೊಂದು ಪಾತ್ರ ವಹಿಸಬೇಕೆಂದು ಕಟ್ಟಳೆ ಮಾಡಿದನು. ಸುಮ್ಮನೆ ಕುಳಿತು ಕೇಳುವವರಿಗೆ ಬೇಸರ ಬರುವುದು ಸಹಜ. ಹೊಣೆ ಹೊತ್ತವರು ಮರುವಾರವೂ ಬರುತ್ತಾರೆ.

ಈ ಮಾತಿನ ಪರೀಕ್ಷೆ ನಮ್ಮ ನಾಡಿನಲ್ಲಿಯೇ ನಡೆಯಿತು. 1914ರಲ್ಲಿ ಮಹಾಯುದ್ಧ ತೊಡಗಿದ ಮೇಲೆ ಬ್ರಿಟಿಷ್ ಸರ್ಕಾರವು ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಬಳಿಕ ದೇಶದಿಂದ ಕಳುಹಿಸಿತು. ಕಟ್ಟಿದವರು ಹೋದರು, ಆದರೆ ಸಭೆಗಳು ಅಳಿಯಲಿಲ್ಲ. ಶಾಲೆಗಳಲ್ಲಿ ಬೆಳೆದ ಹುಡುಗರು ಅಷ್ಟರೊಳಗೆ ಉಪಾಧ್ಯಾಯರೂ ಉಪದೇಶಕರೂ ಹಿರಿಯರೂ ಆಗಿದ್ದರು. ಅಂದು ಹುಡುಗರ ಮೇಲೆ ನಂಬಿಕೆಯಿಡದೆ ಇದ್ದಿದ್ದರೆ ಮುಂದೆ ಸಭೆಯ ಭಾರವನ್ನು ಹೊರುವವರು ಯಾರಿರುತ್ತಿದ್ದರು?

ಗುಳೇದಗುಡ್ಡದ ಕುಣಿಮಗ್ಗದ ಮನೆಯಲ್ಲಿ ಮಗುವು ಮೊದಲು ಕಂಡಿಕೆ ಸುತ್ತುತ್ತದೆ; ಆಮೇಲೆ ತಂದೆಯ ಪಕ್ಕದಲ್ಲಿ ಕುಳಿತು ನೋಡುತ್ತದೆ; ಒಂದು ದಿನ ತಂದೆ ಎದ್ದು ಲಾಳಿಯನ್ನು ಅದರ ಕೈಗೆ ಕೊಡುತ್ತಾನೆ. ಮೊದಲ ಮೊಳದಲ್ಲಿ ಎಳೆ ಕಡಿಯುವುದುಂಟು. ಕಡಿದೀತೆಂದು ಅಂಜಿ ಲಾಳಿಯನ್ನು ತಾನೇ ಹಿಡಿದುಕೊಂಡವನ ಮಗ್ಗವು ಅವನೊಡನೆಯೇ ನಿಲ್ಲುವುದು. ತರುಣರು ಸಭೆಗೆ ಬರುತ್ತಿಲ್ಲವೆಂದು ಕೊರಗುವ ಹಿರಿಯರು ಮೊದಲು ತಮ್ಮ ಕೈಯಲ್ಲಿರುವ ಲಾಳಿಯನ್ನು ನೋಡಿಕೊಳ್ಳಲಿ ಎಂಬುದು ನಮ್ಮ ವಿನಂತಿ. ಈ ಮಾತು ಕ್ರೈಸ್ತ ಸಭೆಗೆ ಹೇಗೋ, ಮಠಕ್ಕೂ ಮಸೀದಿಗೂ ನಮ್ಮಂಥವರ ಪಾಠಶಾಲೆಗೂ ಹಾಗೆಯೇ ಸಲ್ಲುತ್ತದೆ.