ಒಡಹುಟ್ಟಿದವರ ಗುರುತು

ಸುಮಾರು 30 ವರ್ಷಗಳ ಹಿಂದಿನ ಮಾತು. ನನ್ನ ಗೆಳೆಯರೊಬ್ಬರಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಅಸ್ಥಿಮಜ್ಜೆಯ ಕಸಿಯೊಂದೇ ಉಳಿದಿರುವ ದಾರಿ ಎಂದರು ವೈದ್ಯರು. ಒಬ್ಬ ಅಕ್ಕ, ಇಬ್ಬರು ತಮ್ಮಂದಿರು ಪರೀಕ್ಷೆಗೆ ರಕ್ತ ಕೊಟ್ಟರು. ಮೂವರಲ್ಲಿ ಯಾರದೂ ಹೊಂದಲಿಲ್ಲ. ತಾಯಿಯಿಲ್ಲದ ಮನೆಯಲ್ಲಿ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಆ ಅಕ್ಕ ನನ್ನನ್ನು ಕೇಳಿದರು: “ನಮ್ಮಿಬ್ಬರ ರಕ್ತದ ಗುಂಪು ಒಂದೇ ಅಂತಾರೆ. ಆದರೂ ನಾನು ಅವನಿಗೆ ಒದಗಲಿಲ್ಲವಲ್ಲ, ಇದೇನಪ್ಪಾ?” ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿ ತಿಳಿದ ಇತಿಹಾಸವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕಸಿ ಎಂಬುದು ನಮ್ಮ ತೋಟಗಾರರ ಮಾತು. ಒಂದು ಮಾವಿನ ಗಿಡಕ್ಕೆ ಇನ್ನೊಂದರ ಕುಡಿಯನ್ನು ಕಟ್ಟಿದರೆ ಅದು ಕೂಡಿಕೊಂಡು ಫಲ ಕೊಡುತ್ತದೆ. ಮನುಷ್ಯದೇಹ ಅಷ್ಟು ಉದಾರಿಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಟ್ಟಗಾಯಗಳ ಚಿಕಿತ್ಸೆ ಬ್ರಿಟನ್ನಿಗೆ ದೊಡ್ಡ ಸಮಸ್ಯೆಯಾಯಿತು. ಪೀಟರ್ ಮೆಡಾವರ್ ಎಂಬ ತರುಣ ಪ್ರಾಣಿಶಾಸ್ತ್ರಜ್ಞರು ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಅವರೊಡನೆ, ಸುಟ್ಟುಕೊಂಡಿದ್ದ ಯುವತಿಯೊಬ್ಬಳಿಗೆ ಅವಳ ಸೋದರನ ಚರ್ಮದ ತುಣುಕುಗಳನ್ನು ಕಸಿ ಮಾಡಿ ನೋಡಿದರು. ಕೆಲವು ದಿನ ಅಂಟಿಕೊಂಡಿದ್ದ ಚರ್ಮ ಆಮೇಲೆ ನಾಶವಾಯಿತು. ಅದೇ ಸೋದರನ ಚರ್ಮವನ್ನು ಎರಡನೆಯ ಸಲ ಇಟ್ಟಾಗ ಅದು ಇನ್ನೂ ಬೇಗ ಹಾಳಾಯಿತು. 1943ರಲ್ಲಿ ಪ್ರಕಟವಾದ ಈ ಅನುಭವದಲ್ಲಿ ಒಂದು ದೊಡ್ಡ ಸತ್ಯವಿತ್ತು. ದೇಹ ಪರಕೀಯವನ್ನು ಗುರುತಿಸುತ್ತದೆ, ಗುರುತಿಸಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಸಿಡುಬನ್ನು ಒಮ್ಮೆ ಗೆದ್ದ ದೇಹ ಅದನ್ನು ಮರೆಯದಿರುವ ಹಾಗೆಯೇ ಇದೂ.

ಆದರೆ ದೇಹ ಗುರುತಿಸುವುದು ಯಾವ ಚಿಹ್ನೆಯನ್ನು? ಇಲಿಗಳಲ್ಲಿ ಅಂಥ ಚಿಹ್ನೆಯೊಂದನ್ನು ಪೀಟರ್ ಗೋರರ್ ಲಂಡನ್ನಿನಲ್ಲಿ 1936ರಲ್ಲಿಯೇ ಕಂಡಿದ್ದರು. ಅಮೆರಿಕದ ಜಾರ್ಜ್ ಸ್ನೆಲ್ ಅದರ ಅನುವಂಶೀಯತೆಯನ್ನು ತಾಳ್ಮೆಯಿಂದ ಬಿಡಿಸಿದರು. ಮನುಷ್ಯರಲ್ಲಿ ಅದನ್ನು ಮೊದಲು ಹಿಡಿದವರು ಫ್ರಾನ್ಸಿನ ಝಾಂ ಡೋಸೆ. 1952ರಲ್ಲಿ, ಹಲವು ಬಾರಿ ರಕ್ತ ಪಡೆದಿದ್ದ ರೋಗಿಯೊಬ್ಬರ ಸೀರಮ್ ಬೇರೆಯವರ ಬಿಳಿ ರಕ್ತಕಣಗಳನ್ನು ಗುಂಪುಗೂಡಿಸುವುದನ್ನು ಅವರು ಗಮನಿಸಿದರು. ರೋಗಿಯ ಸ್ವಂತ ಕಣಗಳನ್ನು ಅದು ಮುಟ್ಟುತ್ತಿರಲಿಲ್ಲ. 1958ರಲ್ಲಿ ಅವರು ಮನುಷ್ಯನ ಅಂಗಾಂಶದ ಮೊದಲ ಪ್ರತಿಜನಕವನ್ನು ವರ್ಣಿಸಿ ಅದಕ್ಕೆ ‘ಮ್ಯಾಕ್’ ಎಂದು ಹೆಸರಿಟ್ಟರು. ಹೀಗೆ ಗುರುತು ಇದ್ದದ್ದು ಕೆಂಪು ಕಣದ ಗುಂಪಿನಲ್ಲಲ್ಲ, ಬಿಳಿಯ ಕಣದ ಮೈಮೇಲೆ. ಇಂದು ಈ ಗುರುತುಗಳಿಗೆ ಎಚ್‌ಎಲ್‌ಎ ಎಂಬ ಹೆಸರು.

ಅದೇ 1958ರಲ್ಲಿ ಹಾಲೆಂಡಿನ ಯೋನ್ ವಾನ್ ರೋಡ್ ಮತ್ತು ಅಮೆರಿಕದ ರೋಸ್ ಪೇನ್ ಇನ್ನೊಂದು ಬಾಗಿಲನ್ನು ತೆರೆದರು. ಹೆತ್ತ ತಾಯಂದಿರ ರಕ್ತದಲ್ಲಿಯೂ ಇಂಥ ಪ್ರತಿಕಾಯಗಳಿದ್ದವು. ಮಗುವಿನಲ್ಲಿ ಅರ್ಧ ತಂದೆಯ ಪಾಲು. ಆ ಅರ್ಧವನ್ನು ತಾಯಿಯ ದೇಹ ಬೇರೆಯದೆಂದು ಅರಿಯುತ್ತದೆ, ಅರಿತೂ ಒಂಬತ್ತು ತಿಂಗಳು ಹೊರುತ್ತದೆ. ಮುಂದೆ ಹಲವು ದಶಕಗಳ ಕಾಲ ಅಂಗಾಂಶಗಳನ್ನು ಹೊಂದಿಸಿ ನೋಡಲು ಪ್ರಯೋಗಾಲಯಗಳು ಬಳಸಿದ್ದು ಬಹುಮಟ್ಟಿಗೆ ಹಲವು ಮಕ್ಕಳ ತಾಯಂದಿರು ಕೊಟ್ಟ ಸೀರಮ್ಮನ್ನೇ. ಅವರ ಹೆಸರು ಯಾವ ಬಹುಮಾನದ ಪಟ್ಟಿಯಲ್ಲಿಯೂ ಇಲ್ಲ. 1980ರ ನೊಬೆಲ್ ಪಾರಿತೋಷಕ ಡೋಸೆ, ಸ್ನೆಲ್ ಹಾಗೂ ಬೆನಾಸೆರಾಫ್ ಅವರಿಗೆ ಸಂದಿತು. ಗೋರರ್ 1961ರಲ್ಲಿಯೇ ತೀರಿಹೋಗಿದ್ದರು.

ಇಷ್ಟಾದರೂ ಒಂದು ಸಂದೇಹ ಉಳಿಯಿತು. ಶಸ್ತ್ರವೈದ್ಯರನ್ನು ಕಾಡುವುದಕ್ಕೆಂದು ಪ್ರಕೃತಿ ಈ ಚಿಹ್ನೆಗಳನ್ನು ಮಾಡಿರಲಾರದಷ್ಟೆ! ಇದಕ್ಕೆ ಉತ್ತರ ದೊರೆತದ್ದು 1974ರಲ್ಲಿ, ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ. ಜಿಂಕರ್‌ನಾಗೆಲ್ ಮತ್ತು ಡೊಹರ್ಟಿ ಇಲಿಗಳಲ್ಲಿ ಕಂಡ ಸಂಗತಿ ಇದು: ಕಾವಲು ಕಣವು ವೈರಸ್ಸನ್ನು ಬಿಡಿಯಾಗಿ ಗುರುತಿಸುವುದಿಲ್ಲ, ತನ್ನದೇ ದೇಹದ ಚಿಹ್ನೆಯ ಜೊತೆಯಲ್ಲಿ ಮಾತ್ರ ಗುರುತಿಸುತ್ತದೆ. 1987ರಲ್ಲಿ ಮನುಷ್ಯನ ಇಂಥದೊಂದು ಅಣುವಿನ ರಚನೆ ಬಯಲಾದಾಗ ಅದರ ನೆತ್ತಿಯ ಮೇಲೆ ಒಂದು ಸಣ್ಣ ಕಾಲುವೆ ಕಂಡಿತು. ಜೀವಕೋಶವು ತನ್ನೊಳಗಿನ ಪ್ರೋಟೀನುಗಳ ಚೂರುಗಳನ್ನು ಅದರಲ್ಲಿಟ್ಟು ಹೊರಗೆ ತೋರಿಸುತ್ತದೆ. ಚೂರು ವೈರಸ್ಸಿನದಾದರೆ ಕಾವಲು ಕಣ ಆ ಕೋಶವನ್ನು ಕೊಲ್ಲುತ್ತದೆ.

ಕಾಲುವೆಯ ಆಕಾರ ಮನುಷ್ಯರಲ್ಲಿ ನಾನಾ ಬಗೆ. ಹೆಸರಿಟ್ಟಿರುವ ಭೇದಗಳೇ ಇಂದು 40 ಸಾವಿರವನ್ನು ಮೀರಿವೆ. ಒಬ್ಬನ ಕಾವಲನ್ನು ತಪ್ಪಿಸಿಕೊಂಡ ರೋಗಾಣು ಇನ್ನೊಬ್ಬನಲ್ಲಿ ಸಿಕ್ಕಿಬೀಳಬಹುದು. ನಮ್ಮನ್ನು ಒಬ್ಬರಿಂದೊಬ್ಬರನ್ನು ಬೇರೆ ಮಾಡುವ ಗುಣವೇ ಜನಸಮುದಾಯವನ್ನು ಒಟ್ಟಾಗಿ ಉಳಿಸುತ್ತದೆ. ಆದರೆ ಇದಕ್ಕೂ ಬೆಲೆಯುಂಟು. ಬೆನ್ನುಮೂಳೆ ಬಿಗಿದು ಸೆಟೆಯುವ ಒಂದು ಬಗೆಯ ಸಂಧಿವಾತದ ರೋಗಿಗಳಲ್ಲಿ ಬಹುಪಾಲು ಜನ ಬಿ-27 ಎಂಬ ಚಿಹ್ನೆಯವರೆಂದು 1973ರಲ್ಲಿ ತಿಳಿಯಿತು. ಹಾಗೆಂದು ಆ ಚಿಹ್ನೆಯುಳ್ಳವರು ಹೆದರಬೇಕಾಗಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಆ ರೋಗ ಬರುವುದೇ ಇಲ್ಲ. ಬಿ-57ರ ಒಂದು ಭೇದದ ಕತೆ ಇನ್ನೂ ವಿಚಿತ್ರ. ಅದು ಏಡ್ಸ್ ವೈರಸ್ಸನ್ನು ಹತೋಟಿಯಲ್ಲಿಡಲು ನೆರವಾಗುತ್ತದೆ. ಅದೇ ವೈರಸ್ಸಿಗೆ ಕೊಡುವ ಅಬಕಾವಿರ್ ಎಂಬ ಔಷಧ ಆ ಚಿಹ್ನೆಯವರಿಗೇ ಅಪಾಯಕಾರಿ.

ಇನ್ನು ಆ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಈ ಗುರುತುಗಳು ಸಾಮಾನ್ಯವಾಗಿ ಇಡಿಯ ಕಟ್ಟಾಗಿ ಇಳಿದು ಬರುತ್ತವೆ. ತಂದೆಯಲ್ಲಿ ಎರಡು ಕಟ್ಟು, ತಾಯಿಯಲ್ಲಿ ಎರಡು. ಪ್ರತಿ ಮಗುವಿಗೂ ಒಬ್ಬೊಬ್ಬರಿಂದ ಒಂದೊಂದು. ಆದ್ದರಿಂದ ಒಡಹುಟ್ಟಿದ ಇಬ್ಬರು ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಮೂವರು ಒಡಹುಟ್ಟಿದವರಿದ್ದರೂ ಇಂಥ 100 ಮನೆಗಳಲ್ಲಿ ಸುಮಾರು 42ರಲ್ಲಿ ಯಾರೂ ಹೊಂದುವುದಿಲ್ಲ. ಇದು ಕವಡೆ ಬಿದ್ದ ಹಾಗೆ, ವಾತ್ಸಲ್ಯದ ಅಳತೆಯಲ್ಲ. ಅರ್ಧ ಮಾತ್ರ ಹೊಂದುವವರ ಮಜ್ಜೆಯನ್ನೂ ಕಸಿ ಮಾಡುವ ವಿಧಾನಗಳು ಈ ಶತಮಾನದಲ್ಲಿ ಬಳಕೆಗೆ ಬಂದಿವೆ. ಅರ್ಧ ಹೊಂದುವ ಸಂಭವ ನಾಲ್ಕರಲ್ಲಿ ಎರಡು. ಇಂದಾಗಿದ್ದರೆ ಆ ಅಕ್ಕನನ್ನು ವೈದ್ಯರು ಅಷ್ಟು ಬೇಗ ಹಿಂದಕ್ಕೆ ಕಳುಹಿಸುತ್ತಿರಲಿಲ್ಲವೇನೋ.

ನನ್ನ ಗೆಳೆಯರು ಉಳಿಯಲಿಲ್ಲ. ಕೆಲವು ವರ್ಷಗಳ ಮೇಲೆ ಅಕ್ಕನೂ ಹೋದರು. ತಾವು ಒದಗಲಿಲ್ಲವೆಂಬ ಕೊರಗು ಅವರನ್ನು ಕಡೆಯವರೆಗೂ ಬಿಡಲಿಲ್ಲವೆಂದು ಕೇಳಿದೆ. ಅದು ಅವರ ತಪ್ಪಲ್ಲವೆಂದು ಹೇಳಲು ನನಗೆ ತಿಳಿವಳಿಕೆ ಬಂದದ್ದು ತಡವಾಗಿ. ಅಂಥ ಕೊರಗು ಹೊತ್ತವರು ಇಂದು ಯಾರಾದರೂ ಕೇಳುತ್ತಿದ್ದರೆ, ಈ ಮಾತು ಅವರನ್ನಾದರೂ ಮುಟ್ಟಲಿ.