ಗಣಿಯ ಲೆಕ್ಕಕ್ಕೆ ಸೇರದ ನೋವು

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಇಸವಿಗಳಾಗಿಯೇ ಓದಿದ್ದೇವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಮುಟ್ಟಿದ್ದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದು. ಈ ಇಸವಿಗಳ ನಡುವೆ, ಪಾತಾಳಕ್ಕಿಳಿದು ದುಡಿದವರ ಮನಸ್ಸು ಎಲ್ಲಿಯೂ ಕಾಣದು.

ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಅಧಿಕ. ಅಲ್ಲಿ ಬಂಡೆಯೇ ಕಾದಿರುತ್ತಿತ್ತು. ಮೇಲಿನಿಂದ ತಂಪುಗಾಳಿ ಇಳಿಸದೆ ಕೆಲಸ ಸಾಗುತ್ತಿರಲಿಲ್ಲ. ಆದರೆ ಬೇಗೆಗಿಂತ ಭಯಂಕರವಾದದ್ದು ‘ರಾಕ್ ಬರ್ಸ್ಟ್’. ಅಗೆದಷ್ಟೂ ಸುತ್ತಲಿನ ಶಿಲೆಯಲ್ಲಿ ಒತ್ತಡ ಶೇಖರವಾಗಿ, ಒಂದು ಕ್ಷಣದಲ್ಲಿ ಬಂಡೆ ಸಿಡಿಯುತ್ತಿತ್ತು. ಬೆಂಕಿಗೆ ಹೊಗೆಯ ಮುನ್ಸೂಚನೆಯಿದೆ. ಇದಕ್ಕೆ ನಂಬಬಹುದಾದ ಮುನ್ಸೂಚನೆಯೇ ಇರಲಿಲ್ಲ. ದೊಡ್ಡ ಸ್ಫೋಟವಾದಾಗ ಮೇಲಿನ ಊರೂ ನಡುಗುತ್ತಿತ್ತು. ಮನೆಯವರಿಗೆ ತಮ್ಮವರ ಅಪಾಯದ ಸುದ್ದಿಯನ್ನು ಕಾಲಡಿಯ ನೆಲವೇ ಮೊದಲು ತಿಳಿಸುತ್ತಿತ್ತು. ಹೀಗೆ ಗಣಿಯ ಭಯ ಗಣಿಯಲ್ಲೇ ಉಳಿಯದೆ ಮನೆಯೊಳಗೂ ನೆಲೆಸಿತು. ನಾಳೆಯೂ ಅದೇ ಆಳಕ್ಕೆ ಇಳಿಯಬೇಕಾದವನಿಗೆ ನಿದ್ದೆ ಹೇಗೆ ಬಂದೀತು?

ದೇಹದ ನೋವಿಗೆ ತಡವಾಗಿಯಾದರೂ ಲೆಕ್ಕ ದೊರೆಯಿತು. ಕಲ್ಲಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ರೋಗವನ್ನು 1940ರ ದಶಕದಲ್ಲಿ ಇಲ್ಲಿಯ ಕಾರ್ಮಿಕರಲ್ಲಿ ವ್ಯಾಪಕವಾಗಿ ಗುರುತಿಸಲಾಯಿತು. ಆದರೆ 1923ರ ಕಾರ್ಮಿಕರ ಪರಿಹಾರ ಕಾಯಿದೆಯ ವೃತ್ತಿರೋಗಗಳ ಪಟ್ಟಿಯಲ್ಲಿ ಮನೋವ್ಯಥೆಗೆ ಸ್ಥಾನವಿರಲಿಲ್ಲ. ಮುರಿದ ಕೈಗೆ ಬೆಲೆಯಿತ್ತು. ಮುರಿದ ಧೈರ್ಯಕ್ಕೆ ಇರಲಿಲ್ಲ.

ಅವಮಾನವೂ ಮನಸ್ಸನ್ನು ಸವೆಸುತ್ತದೆ. ಈ ಕಾರ್ಮಿಕರಲ್ಲಿ ಬಹುಪಾಲು ತಮಿಳು ಮಾತನಾಡುವ ದಲಿತರು. ಚಿನ್ನ ಕದ್ದಾರೆಂಬ ಸಂಶಯದಿಂದ ಅವರ ಮೈ ತಡಕಲಾಗುತ್ತಿತ್ತು. 1930ರಲ್ಲಿ ಎಲ್ಲರ ಬೆರಳಚ್ಚು ಪಡೆಯಲು ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಅದು ಕೂಲಿಗಾಗಿ ಎದ್ದ ಮುಷ್ಕರವಲ್ಲ. ತಾವು ಅಪರಾಧಿಗಳಲ್ಲ ಎಂಬ ಮಾತನ್ನು ಅವರು ಜಗತ್ತಿಗೆ ಕೇಳಿಸಿದ ರೀತಿ ಅದು.

ವಿಚಿತ್ರವೆಂದರೆ, ಭಯದ ಆ ಗಣಿ ಮುಚ್ಚಿದಾಗ ಬಂದದ್ದು ನೆಮ್ಮದಿಯಲ್ಲ. ಕೆಲಸದೊಡನೆ ಕಸುಬಿನ ಹೆಮ್ಮೆಯೂ ಜೊತೆಗಾರರ ಆಸರೆಯೂ ಹೋದವು. ಅನೇಕರು ಕೂಲಿ ಅರಸಿ ದಿನವೂ ಬೆಂಗಳೂರಿನ ರೈಲು ಹತ್ತಬೇಕಾಯಿತು.

ನನ್ನ ಶಿಷ್ಯರಲ್ಲಿ ಹಲವರು ಇಂದು ಹತ್ತಾರು ಜನರಿಂದ ಕೆಲಸ ಮಾಡಿಸುವ ಸ್ಥಾನದಲ್ಲಿದ್ದೀರಿ. ದುಡಿಯುವವರ ಗಾಯವನ್ನು ಎಣಿಸುವಾಗ ಅವರ ನಿದ್ದೆಯನ್ನೂ ವಿಚಾರಿಸಿರಿ. ಕೋಲಾರದ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ ಇಷ್ಟೇ.