ಐರ್ಲೆಂಡಿನ ಪವಿತ್ರ ಬಾವಿಗಳು

ಪ್ರಭು ಯೇಸುಕ್ರಿಸ್ತರು ಸಮಾರಿಯದ ಸ್ತ್ರೀಯೊಡನೆ ಜೀವಜಲದ ಮಾತನಾಡಿದ್ದು ಯಕೋಬನ ಬಾವಿಯ ಬಳಿ. ಹುಟ್ಟುಕುರುಡನು ಕಣ್ಣು ತೊಳೆದುಕೊಂಡು ದೃಷ್ಟಿ ಪಡೆದದ್ದು ಸಿಲೋವಾಂ ಕೊಳದಲ್ಲಿ. ನೀರಿನ ಬಳಿ ದೇವರ ಕೃಪೆಯನ್ನರಸುವುದು ಕ್ರೈಸ್ತ ವಿಶ್ವಾಸಕ್ಕೆ ಹೊಸದಲ್ಲ. ಆದರೆ ಒಂದು ಇಡೀ ಜನಾಂಗದ ವಿಶ್ವಾಸದ ಚರಿತ್ರೆಯನ್ನು ಬಾವಿಗಳ ಬಳಿಯಲ್ಲಿಯೇ ಓದಬೇಕಾದರೆ ನಾವು ಐರ್ಲೆಂಡಿನತ್ತ ದೃಷ್ಟಿ ಹಾಯಿಸಬೇಕು. ಆ ನಾಡಿನ ಪಾಲಕರಾದ ಸಂತ ಪ್ಯಾಟ್ರಿಕರ ಹೆಸರು, ಬೆಂಗಳೂರಿನಲ್ಲಿ ಅವರಿಗೆ ಅರ್ಪಿತವಾದ ದೇವಾಲಯದಿಂದಾಗಿ ನಮಗೂ ಚಿರಪರಿಚಿತವಾಗಿದೆ.

ಆ ಪುಟ್ಟ ದ್ವೀಪದಲ್ಲಿ ಸುಮಾರು 3,000 ಪವಿತ್ರ ಬಾವಿಗಳಿವೆಯೆಂದು ಅಂದಾಜು ಮಾಡಲಾಗಿದೆ. ಬಾವಿಯೆಂದೊಡನೆ ನಾವು ಹಗ್ಗ ರಾಟೆಗಳನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಬಹುತೇಕ ಇವು ನೆಲದಿಂದ ತಾನಾಗಿ ಉಕ್ಕುವ ಒರತೆಗಳು. ಸುತ್ತಲೂ ಒಂದಿಷ್ಟು ಕಲ್ಲುಕಟ್ಟಡ, ಪಕ್ಕದಲ್ಲೊಂದು ಮುಳ್ಳುಮರ, ಸವೆದುಹೋದ ಒಂದು ಶಿಲುಬೆ, ಇಷ್ಟೇ. ಐರಿಷ್ ಭಾಷೆಯಲ್ಲಿ ಬಾವಿಗೆ 'ಟೊಬರ್' ಎಂದು ಹೆಸರು. ಈ ಶಬ್ದದಿಂದ ಆರಂಭವಾಗುವ ಊರುಗಳ ಹೆಸರುಗಳು ಆ ದೇಶದಲ್ಲಿ ಹಲವಾರು.

ಕಲ್ಲನ್ನೆತ್ತಿದ ಸಂತರು

ಶುಭಸಂದೇಶವು ಆ ನಾಡಿಗೆ ಬರುವುದಕ್ಕೂ ಮುನ್ನ ಅಲ್ಲಿನ ಜನರು ಒರತೆಗಳನ್ನೇ ಪೂಜಿಸುತ್ತಿದ್ದರು. ಏಳನೆಯ ಶತಮಾನದ ಉತ್ತರಾರ್ಧದಲ್ಲಿ ಟೀರೆಖಾನ್ ಎಂಬ ಧರ್ಮಾಧ್ಯಕ್ಷರು ಸಂತ ಪ್ಯಾಟ್ರಿಕರ ಸಂಚಾರವನ್ನು ಕುರಿತು ಬರೆದ ವೃತ್ತಾಂತದಲ್ಲಿ ಒಂದು ಪ್ರಸಂಗವಿದೆ. 'ಸ್ಲಾನ್', ಅಂದರೆ ಆರೋಗ್ಯ, ಎಂಬ ಹೆಸರಿನ ಒಂದು ಬಾವಿಯನ್ನು ಜನರು ದೇವರೆಂದು ನಂಬಿ ಕಾಣಿಕೆಗಳನ್ನು ಅರ್ಪಿಸುತ್ತಿದ್ದರು. ಬಾವಿಯ ಬಾಯನ್ನು ದೊಡ್ಡ ಕಲ್ಲೊಂದು ಮುಚ್ಚಿತ್ತು. ಅದರ ಕೆಳಗೆ ಸತ್ತ ಮಂತ್ರವಾದಿಯೊಬ್ಬನ ಮೂಳೆಗಳಿವೆಯೆಂಬ ನಂಬಿಕೆಯೂ ಇತ್ತು. ಪ್ಯಾಟ್ರಿಕರು ಆ ಕಲ್ಲನ್ನು ಎತ್ತಿದರು. ಒಳಗೆ ಇದ್ದದ್ದು ಬರಿಯ ನೀರು!

ಸಂತರು ಬಾವಿಯನ್ನು ಮಣ್ಣು ಹಾಕಿ ಮುಚ್ಚಿಸಲಿಲ್ಲವೆಂಬುದು ಗಮನಾರ್ಹ. ಜನರ ಭಯವು ಹೋಯಿತು, ನೀರು ಉಳಿಯಿತು. ಕ್ಲೆಬಾಖ್ ಎಂಬ ಮತ್ತೊಂದು ಒರತೆಯ ಬಳಿ ಲೊಯಿಗರೆ ಅರಸನ ಇಬ್ಬರು ಪುತ್ರಿಯರು, ಎಥ್ನೆ ಮತ್ತು ಫೆಡೆಲ್ಮ್, ಮುಂಜಾನೆ ಮುಖ ತೊಳೆಯಲು ಬಂದಾಗ ಪ್ಯಾಟ್ರಿಕರನ್ನು ಕಂಡರೆಂದೂ, ನಿಮ್ಮ ದೇವರು ಯಾರು, ಆತನು ಬೆಟ್ಟದಲ್ಲಿರುವನೋ ನದಿಯಲ್ಲಿರುವನೋ ಎಂದು ಪ್ರಶ್ನಿಸಿ, ಉತ್ತರ ಕೇಳಿ ವಿಶ್ವಾಸವಿಟ್ಟು ಸ್ನಾನದೀಕ್ಷೆ ಪಡೆದರೆಂದೂ ಅದೇ ಗ್ರಂಥವು ಹೇಳುತ್ತದೆ. ಹೀಗೆ ನೀರು ದೇವರಾಗುವುದನ್ನು ಬಿಟ್ಟು ದೇವರ ಕಡೆಗೆ ಕರೆದೊಯ್ಯುವ ಬಾಗಿಲಾಯಿತು.

ಭಕ್ತಿಯ ಪದ್ಧತಿ

ಬಹುತೇಕ ಬಾವಿಗಳಿಗೆ ಒಬ್ಬೊಬ್ಬ ಪಾಲಕ ಸಂತರಿದ್ದಾರೆ. ಅವರ ಹಬ್ಬದ ದಿನದಂದು ಅಲ್ಲಿ ಜನ ನೆರೆಯುತ್ತಾರೆ. ಪಾಲಕ ಎಂಬರ್ಥದ 'ಪೇಟ್ರನ್' ಶಬ್ದವು ಜನರ ಬಾಯಲ್ಲಿ 'ಪ್ಯಾಟರ್ನ್' ಆಗಿ, ಆ ಹಬ್ಬಕ್ಕೆ ಅದೇ ಹೆಸರು ನಿಂತಿದೆ. ಭಕ್ತರು ಬಾವಿಯನ್ನು ಬಲಗಡೆಗೆ ಇಟ್ಟುಕೊಂಡು, ಅನೇಕ ಕಡೆ ಬರಿಗಾಲಿನಲ್ಲಿ, ಗೊತ್ತಾದಷ್ಟು ಸಲ ಸುತ್ತುತ್ತಾರೆ. ಎಣಿಕೆ ತಪ್ಪದಿರಲೆಂದು ಸುತ್ತಿಗೊಂದು ಬೆಣಚುಕಲ್ಲನ್ನು ಇಡುವುದುಂಟು. ಪರಲೋಕ ಜಪ, ನಮೋ ಮರಿಯ, ತ್ರಿತ್ವಸ್ತುತಿಗಳನ್ನು ಹೇಳಿ ಕೊನೆಗೆ ನೀರನ್ನು ಕುಡಿಯುತ್ತಾರೆ. ಮರದ ಕೊಂಬೆಗೆ ಬಟ್ಟೆಯ ಚೂರೊಂದನ್ನು ಕಟ್ಟಿದರೆ, ಅದು ಜೀರ್ಣವಾದಂತೆ ರೋಗವೂ ಕರಗುವುದೆಂಬುದು ಜನರ ನಂಬಿಕೆ.

ಕ್ಲೇರ್ ಪ್ರಾಂತದ ಲಿಸ್ಕ್ಯಾನರ್ ಬಳಿಯಿರುವ ಸಂತ ಬ್ರಿಜಿಡರ ಬಾವಿಗೆ ಹೋಗುವ ಕಿರುದಾರಿಯ ಗೋಡೆಗಳು ಜಪಮಾಲೆಗಳಿಂದಲೂ ಅಗಲಿದವರ ಭಾವಚಿತ್ರಗಳಿಂದಲೂ ತುಂಬಿಹೋಗಿವೆ. ವಾಟರ್‌ಫೋರ್ಡ್ ಪ್ರಾಂತದ ಆರ್ಡ್‌ಮೋರ್‌ನಲ್ಲಿ ಸಂತ ಡೆಕ್ಲಾನರ ಹಬ್ಬ ಜುಲೈ 24ರಂದು. ಡೌನ್‌ಪ್ಯಾಟ್ರಿಕ್ ಸಮೀಪದ ಸ್ಟ್ರೂಯೆಲ್‌ನಲ್ಲಿ ಕುಡಿಯುವ ನೀರಿಗೊಂದು, ಕಣ್ಣಿನ ಬೇನೆಗೊಂದು ಬಾವಿಯೂ ಸ್ತ್ರೀಪುರುಷರಿಗೆ ಪ್ರತ್ಯೇಕ ಸ್ನಾನಗೃಹಗಳೂ ಇವೆ.

ಕಾನೂನಿನ ಕೋಪ

ಹದಿನೇಳನೆಯ ಶತಮಾನದ ಅಂತ್ಯದಿಂದ ಕಥೋಲಿಕರ ಮೇಲೆ ಕ್ರೂರವಾದ ದಂಡನಾ ಶಾಸನಗಳು ಬಂದವು. 1697ರ ಶಾಸನವು ಧರ್ಮಾಧ್ಯಕ್ಷರನ್ನೂ ಮಠವಾಸಿ ಗುರುಗಳನ್ನೂ ದೇಶದಿಂದ ಹೊರಗಟ್ಟಿತು. 1704ರ ಶಾಸನವು ಬಾವಿಗಳ ಬಳಿ ಕೂಡುವುದನ್ನೇ ದೊಂಬಿಯೆಂದು ಸಾರಿತು. ಕೂಡಿದವರಿಗೆ 10 ಷಿಲಿಂಗ್ ದಂಡ. ತೆರಲಾಗದ ಬಡವರಿಗೆ ಚಾಟಿಯ ಏಟು. ಬಹಿರಂಗವಾಗಿ ನಿಲ್ಲಿಸಿದ ಶಿಲುಬೆಗಳನ್ನು ಕೆಡವಬೇಕೆಂದು ನ್ಯಾಯಾಧಿಕಾರಿಗಳಿಗೆ ಆಜ್ಞೆಯಾಯಿತು.

ಆದರೆ ದೇವಾಲಯವನ್ನು ಕಿತ್ತುಕೊಳ್ಳಬಹುದು, ಒರತೆಯನ್ನು ಕಿತ್ತುಕೊಳ್ಳುವುದೆಂತು? ಸ್ಲೈಗೊ ಪಟ್ಟಣದ ಹೊರಗಿನ ಟೊಬರ್ನಾಲ್ಟ್ ಬಾವಿಯ ಬಳಿ, ಮರಗಳ ಮರೆಯಲ್ಲಿ, ಬಂಡೆಯನ್ನೇ ಪೀಠವಾಗಿಸಿಕೊಂಡು ಗುರುಗಳು ದಿವ್ಯ ಬಲಿಪೂಜೆಯನ್ನು ಅರ್ಪಿಸುತ್ತಿದ್ದರು. ಗುರುಗಳಿಲ್ಲದೆಡೆ ಜನರೇ ಜಪಮಾಲೆ ಹಿಡಿದು ಬಾವಿಯನ್ನು ಸುತ್ತಿದರು. ಅಕ್ಷರವರಿಯದ ತಾಯಂದಿರು ಮಕ್ಕಳಿಗೆ ಜಪ ಕಲಿಸಿದ ಪಾಠಶಾಲೆಗಳೂ ಇವೇ ಆಗಿದ್ದವು.

ಧರ್ಮಸಭೆಯ ಕಳವಳ

ಚರಿತ್ರೆಯನ್ನು ಹೇಳುವಾಗ ಅಹಿತವಾದುದನ್ನು ಮರೆಮಾಚಬಾರದು. ಕಾಲಕ್ರಮದಲ್ಲಿ ಪ್ಯಾಟರ್ನ್ ದಿನಗಳಲ್ಲಿ ಬೆಳಗಿನ ಜಪವು ಸಂಜೆಯ ಕುಡಿತವಾಗತೊಡಗಿತು. ಮದ್ಯದ ಡೇರೆಗಳೆದ್ದವು, ಊರಿನ ಪಂಗಡಗಳು ದೊಣ್ಣೆ ಹಿಡಿದು ಬಡಿದಾಡಿದವು. ನಮ್ಮ ಧರ್ಮದವರೇ ಆದ ಧರ್ಮಾಧ್ಯಕ್ಷರೂ ಗುರುಗಳೂ ಇಂತಹ ಕೂಟಗಳನ್ನು ಖಂಡಿಸಿ, ಕೆಲವೆಡೆ ನಿಲ್ಲಿಸಿಯೂ ಬಿಟ್ಟರು. 1845ರಲ್ಲಿ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಸತ್ತರು. ಅಷ್ಟೇ ಜನರು ದೇಶ ತೊರೆದರು. ಬಾವಿಯ ದಾರಿ ಬಲ್ಲವರೇ ಇಲ್ಲವಾದರು. 1850ರಲ್ಲಿ ಮಹಾಧರ್ಮಾಧ್ಯಕ್ಷ ಪೌಲ್ ಕಲೆನ್‌ರ ಅಧ್ಯಕ್ಷತೆಯಲ್ಲಿ ಥರ್ಲ್ಸ್ ಪಟ್ಟಣದಲ್ಲಿ ಕೂಡಿದ ಧರ್ಮಸಭೆಯ ಮಹಾಸಮ್ಮೇಳನವು ಸಂಸ್ಕಾರಗಳು ದೇವಾಲಯದಲ್ಲಿ ನಡೆಯಬೇಕೆಂಬ ಶಿಸ್ತನ್ನು ತಂದಿತು. ಆ ಶಿಸ್ತು ಅಗತ್ಯವಾಗಿತ್ತು. ಆದರೂ, ಶಾಸನದ ಚಾಟಿಗೆ ಹೆದರದೆ ಉಳಿದುಬಂದ ಅನೇಕ ಬಾವಿಗಳು ಆ ಶತಮಾನದಲ್ಲಿ ಪಾಚಿಗಟ್ಟಿದವೆಂಬುದು ವ್ಯಥೆಯ ಸಂಗತಿ.

ಮತ್ತೆ ಉಕ್ಕಿದ ಒರತೆ

ಪೂರ್ತಿಯಾಗಿ ಅಳಿಯದಂತೆ ಕಾಪಾಡಿದವರಲ್ಲಿ ಮಕ್ಕಳೂ ಇದ್ದರು. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗದ ಯೋಜನೆಯಂತೆ ಸುಮಾರು 50,000 ಶಾಲಾಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಊರಿನ ಐತಿಹ್ಯಗಳನ್ನು ಬರೆದಿಟ್ಟರು. ಪವಿತ್ರ ಬಾವಿಗಳೂ ಅದರಲ್ಲೊಂದು ವಿಷಯವಾಗಿದ್ದವು. ಟೊಬರ್ನಾಲ್ಟ್‌ನಲ್ಲಿ ಜುಲೈ ತಿಂಗಳ ಕೊನೆಯ ಭಾನುವಾರ ಮುಂಜಾವಿನ ಬಲಿಪೂಜೆಗೆ ಇಂದಿಗೂ ಜನ ಸೇರುತ್ತಾರೆ. ಸಂತ ಬ್ರಿಜಿಡರ ಸ್ಮರಣೆಗಾಗಿ 2023ರಿಂದ ಐರ್ಲೆಂಡಿನಲ್ಲಿ ಸಾರ್ವಜನಿಕ ರಜೆಯೂ ಆಚರಣೆಗೆ ಬಂದಿದೆ.

ಪ್ರಿಯ ವಾಚಕರೇ, ಈ ಬಾವಿಗಳ ಚರಿತ್ರೆಯು ನಮಗೇನನ್ನು ಕಲಿಸುತ್ತದೆ? ಜನರ ಭಕ್ತಿಯನ್ನು ಮೂಢತನವೆಂದು ಮಣ್ಣು ಮುಚ್ಚಿದರೆ ಅದರೊಡನೆ ವಿಶ್ವಾಸದ ಒರತೆಯೂ ಮುಚ್ಚಿಹೋದೀತು. ಶೋಧಿಸದೆ ಹಾಗೆಯೇ ಬಿಟ್ಟರೆ ಕೊಳೆತೀತು. ಸಂತ ಪ್ಯಾಟ್ರಿಕರು ಇವೆರಡನ್ನೂ ಮಾಡಲಿಲ್ಲ. ಕಲ್ಲನ್ನೆತ್ತಿ ಬೆಳಕು ಬಿಟ್ಟರು. ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ನಮ್ಮ ಹಿರಿಯರು ನಮಗೆ ಬಿಟ್ಟುಹೋದ ಹರಕೆ, ಹಬ್ಬ, ಜಪಗಳನ್ನು ನಾವೂ ಅದೇ ವಿವೇಕದಿಂದ, ಅದೇ ಪ್ರೀತಿಯಿಂದ ಶೋಧಿಸಿ ಮುಂದಿನವರಿಗೆ ತಿಳಿನೀರಾಗಿ ಒಪ್ಪಿಸೋಣ.